ಬೀಜಕ್ಕೂ ಒಂದು ಜಾತಿ ಕಾಲಂ

ಅರ್ಹತೆ ಎನ್ನುವ ಪದ ಕಿವಿಗೆ ಬಿದ್ದರೆ ನಾವು ತಟ್ಟನೆ ತಲೆ ಎತ್ತಿ ನೋಡುತ್ತೇವೆ. ನಮ್ಮ ಬೆನ್ನಿನ ಮೇಲೆ ಈ ಪದ ಎಳೆದಷ್ಟು ಬರೆಯನ್ನು ಬೇರೆ ಯಾವ ಪದವೂ ಎಳೆದಿಲ್ಲ. ಕೆರೆ ಏರಿಗೆ ಮಣ್ಣು ಹೊತ್ತವರು ನಾವು. ಕೆರೆಯ ನೀರು ಮುಟ್ಟಲು ಅರ್ಹರಲ್ಲ ಎಂದರು. ಗುಡಿಗೆ ಕಲ್ಲು ಎಳೆದವರು ನಾವು. ಹೊಸ್ತಿಲು ದಾಟಲು ಅರ್ಹರಲ್ಲ ಎಂದರು. ಇಸ್ಕೂಲಿಗೆ ಹೋದರೆ ಹಿಂದಿನ ಗೋಡೆಗೆ ಒತ್ತಿ ಕೂರಿಸಿದರು. ಓದಿ ಪಾಸಾಗಿ ಕೆಲಸ ಕೇಳಿದರೆ ಮೆರಿಟ್ಟು ಮೆರಿಟ್ಟು ಎಂದು ಬಾಯಿ ಬಡಿದುಕೊಂಡರು. ಇಷ್ಟೆಲ್ಲ ಆದ ಮೇಲೆ ಈಗ ಇನ್ನೊಂದು ಬಾಗಿಲ ಮುಂದೆ ನಮ್ಮನ್ನು ನಿಲ್ಲಿಸಿದ್ದಾರೆ. ಮಕ್ಕಳಾಗದವರಿಗೆ ವೀರ್ಯ ಕೊಡಲು ಯಾರು ಅರ್ಹರು, ಯಾರು ಅಲ್ಲ ಎನ್ನುವ ಬಾಗಿಲು.

ವಿಷಯ ನಮ್ಮಲ್ಲಿಗೆ ಬಂದದ್ದು ಹೀಗೆ. ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಸಂಜೆ ನಾವು ಹತ್ತು ಹನ್ನೆರಡು ಜನ ಸೇರಿ ಓದುತ್ತೇವೆ. ಇಬ್ಬರು ಮೇಷ್ಟ್ರು, ಒಬ್ಬ ಲೈನ್‌ಮನ್, ಒಬ್ಬರು ಅಂಗನವಾಡಿ ಅಕ್ಕ, ಉಳಿದವರು ಕಾಲೇಜಿನ ಹುಡುಗ ಹುಡುಗಿಯರು. ಏಪ್ರಿಲ್ 14ರ ಜಯಂತಿಗೆ ಬೆಂಗಳೂರಿನಿಂದ ಬಂದಿದ್ದ ನಮ್ಮ ಹುಡುಗನೊಬ್ಬ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಮೆಲ್ಲಗೆ ಬಾಯಿ ಬಿಟ್ಟ. ಬಿ.ಎಸ್ಸಿ. ಓದಿದ ಹುಡುಗ. ಬೈಕಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ. ಜೊತೆಯವನೊಬ್ಬ ಇವನಿಗೆ ಹೇಳಿದನಂತೆ, ಒಂದು ಕಡೆ ವೀರ್ಯ ತಗೋತಾರೆ, ರೂಮು ಬಾಡಿಗೆಗಾಗೋಷ್ಟು ಸಿಗುತ್ತೆ ಅಂತ. ಇವನು ಹೋದ. ರಕ್ತ ತೆಗೆದರು. ವೀರ್ಯದ ಪರೀಕ್ಷೆ ಆಯಿತು. ಎತ್ತರ ಅಳೆದರು, ತೂಕ ನೋಡಿದರು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಾ, ತಾತ ಹೇಗೆ ಸತ್ತರು, ಎಲ್ಲ ಕೇಳಿದರು. ಕೊನೆಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ‘ಕಮ್ಯುನಿಟಿ’ ಎಂದು ಒಂದು ಕಾಲಂ ಇತ್ತು. ಇವನು ಆದಿ ಕರ್ನಾಟಕ ಎಂದು ಬರೆದ.

‘ಅಲ್ಲಿ ಕೂತಿದ್ದೋರು ಓದಿದ್ರು ಕಣಣ್ಣ. ಬೈಲಿಲ್ಲ, ಮುಖ ಸಿಂಡರಿಸಲಿಲ್ಲ. ರಿಪೋರ್ಟೆಲ್ಲಾ ಚೆನ್ನಾಗದೆ ಕಣಪ್ಪ, ಆದ್ರೆ ಈ ಕಡೇದನ್ನ ಕೇಳೋರಿಲ್ಲ, ಬೇಕಾದ್ರೆ ಫೋನ್ ಮಾಡ್ತೀವಿ ಅಂದ್ರು. ಫೋನ್ ಬರ್ಲಿಲ್ಲ.’

ಜಗಲಿಯಲ್ಲಿದ್ದ ಪಡ್ಡೆ ಹುಡುಗರು ಕಿಸಕ್ಕನೆ ನಕ್ಕರು. ನಮ್ಮ ಲೈನ್‌ಮನ್ ನಗಲಿಲ್ಲ. ‘ಲೇ, ಕರೆಂಟು ಹೋದಾಗ ಮಳೇಲಿ ಕಂಬ ಹತ್ತಕ್ಕೆ ನಾನು ಬೇಕು. ಅವಾಗ ಯಾವ ಕಡೇದು ಅಂತ ಯಾರೂ ಕೇಳಲ್ಲ’ ಎಂದ. ಹಿರಿಯ ಮೇಷ್ಟ್ರು ಸುಮ್ಮನಿದ್ದು, ‘ಕಾಯ್ದೆ ಏನು ಹೇಳ್ತದೋ ಮೊದಲು ಓದಾಣ’ ಎಂದರು. ಮುಂದಿನ ಮೂರು ಭಾನುವಾರ ನಾವು ಓದಿದ್ದು ಅದನ್ನೇ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಹುಡುಗರು ಮೂಲೆಯಲ್ಲಿ ನಿಂತು ಪಿಸುಗುಟ್ಟುವ ವಿಷಯವಾಗಿ ಉಳಿದರೆ ಲಾಭ ಯಾರಿಗೆ ಎಂಬುದು ನಿಮಗೆ ಗೊತ್ತು.

ಕಾಯ್ದೆಯ ಹೆಸರು ಉದ್ದ: ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021. ಜಾರಿಗೆ ಬಂದದ್ದು 2022ರ ಜನವರಿ 25ರಂದು. ವೀರ್ಯ ಕೊಡುವ ಗಂಡಸಿನ ವಯಸ್ಸು 21ರಿಂದ 55ರ ಒಳಗಿರಬೇಕು. ನೋಂದಣಿಯಾದ ಬ್ಯಾಂಕಿನಲ್ಲಿ ಮಾತ್ರ ಕೊಡಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಈ ರೋಗಗಳ ಪರೀಕ್ಷೆ ಆಗಲೇಬೇಕು. ಹೆಸರು, ವಿಳಾಸ, ಆಧಾರ್ ನಂಬರು ಬ್ಯಾಂಕಿನ ದಾಖಲೆಯಲ್ಲಿರಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಹುಟ್ಟುವ ಮಗುವಿನ ಮೇಲೆ ದಾನಿಗೆ ಯಾವ ಹಕ್ಕೂ ಇಲ್ಲ. ಮಗು ಬಯಸಿ ಪಡೆದವರೇ ಅದರ ತಂದೆ ತಾಯಿ, ಅವರ ಸ್ವಂತ ಮಗುವಿಗೆ ಇರುವ ಎಲ್ಲ ಹಕ್ಕೂ ಅದಕ್ಕುಂಟು. ವೀರ್ಯವನ್ನಾಗಲಿ ಅಂಡಾಣುವನ್ನಾಗಲಿ ಮಾರಾಟ ಮಾಡುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 5 ಲಕ್ಷಕ್ಕಿಂತ ಕಡಿಮೆ ಇಲ್ಲ.

ಅಂಡಾಣು ಕೊಡುವ ಹೆಂಗಸಿಗೆ ಲೆಕ್ಕ ಬೇರೆ. ಅವಳ ವಯಸ್ಸು 23ರಿಂದ 35. ಇಡೀ ಜೀವಮಾನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಅವಳ ಹೆಸರಿನಲ್ಲಿ ವಿಮೆ ಮಾಡಿಸಬೇಕು. ಇದನ್ನು ಓದಿದಾಗ ಅಂಗನವಾಡಿ ಅಕ್ಕ, ‘ಗಂಡಸಿಗೆ ಒಂದು ಲೋಟ ಹಿಡಿದು ಹೋದ್ರೆ ಮುಗೀತು. ಹೆಂಗಸಿಗೆ ದಿನಗಟ್ಲೆ ಇಂಜೆಕ್ಷನ್ನು, ಮೇಲೆ ಸೂಜಿ ಹಾಕಿ ತೆಗೀಬೇಕು. ಬಡವರ ಹೆಣ್ಣುಮಕ್ಕಳ್ನ ಮತ್ತೆ ಮತ್ತೆ ಕರ್ಕೊಂಡು ಹೋಗ್ತಾರೆ ಅಂತಲೇ ಈ ಮಿತಿ ಹಾಕಿರೋದು’ ಎಂದರು. ಆ ಮಾತು ನಮ್ಮೆಲ್ಲರ ಮನಸ್ಸಿಗೆ ನಾಟಿತು. ದಾನ ಎನ್ನುವ ದೊಡ್ಡ ಮಾತಿನ ಹಿಂದೆ ಹಸಿವು ನಿಂತಿದ್ದರೆ ಅದನ್ನು ದಾನ ಎಂದು ಕರೆಯುವುದು ಹೇಗೆ? ಮಾರಬಾರದು ಎಂದು ಕಾಯ್ದೆ ಹೇಳುತ್ತದೆ. ರೂಮು ಬಾಡಿಗೆ ಕಟ್ಟಲಾಗದ ನಮ್ಮ ಹುಡುಗರನ್ನು ಅಲ್ಲಿಗೆ ದೂಡುವ ಬಡತನಕ್ಕೆ ಯಾವ ಕಾಯ್ದೆಯೂ ದಂಡ ಹಾಕಿಲ್ಲ.

ಪುಟಪುಟ ತಿರುವಿ ನೋಡಿದೆವು. ಜಾತಿ ಎಂಬ ಮಾತು ಅರ್ಹತೆಯ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹಾಗಾದರೆ ಆ ಕಾಲಂ ಎಲ್ಲಿಂದ ಬಂತು?

ಅದಕ್ಕೆ ಮೊದಲು, ಪಟ್ಟಿಯಲ್ಲಿ ಇರುವ ಅರ್ಹತೆಗಳು ಯಾಕಿವೆ ಎಂಬುದನ್ನು ನೋಡಬೇಕು. ಪರೀಕ್ಷೆ ಎಂದ ಕೂಡಲೇ ಬೆನ್ನು ತಿರುಗಿಸುವವರು ನಾವಲ್ಲ. ನಮ್ಮ ಹಳ್ಳಿಗಳಲ್ಲಿ ಇದು ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಹಸು ಬೆದೆಗೆ ಬಂದರೆ ದನದ ಡಾಕ್ಟ್ರು ಕ್ಯಾನಿನೊಳಗಿಂದ ಒಂದು ಕಡ್ಡಿ ತೆಗೆದು ಹಾಕಿ ಹೋಗುವುದನ್ನು ನೋಡದವರು ಯಾರು? ಹೆಸರಘಟ್ಟದಲ್ಲಿ ಹೋರಿಗಳನ್ನು ಸಾಕಿ ಅವುಗಳ ವೀರ್ಯವನ್ನು ಹೆಪ್ಪುಗಟ್ಟಿಸಿಡುವ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ಆ ಕ್ಯಾನಿನಲ್ಲಿ ಹೊಗೆಯಾಡುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ ತಣ್ಣಗಿರುವಂಥದ್ದು. ಮನುಷ್ಯರ ವೀರ್ಯ ಬ್ಯಾಂಕಿನಲ್ಲಿರುವುದೂ ಅದೇ ಸಾರಜನಕ.

ಹಾಗೆ ಹೆಪ್ಪುಗಟ್ಟಿಸಿಡುವುದಕ್ಕೆ ಕಾರಣವುಂಟು. ಎಚ್‌ಐವಿ ಇವತ್ತು ಮೈಸೇರಿದರೆ ನಾಳೆಯ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ವೀರ್ಯವನ್ನು ಆರು ತಿಂಗಳು ಇಟ್ಟು, ದಾನಿಯನ್ನು ಮತ್ತೆ ಕರೆದು ರಕ್ತ ನೋಡಿ, ಆಮೇಲೆ ಬಳಸಬೇಕು ಎಂದು ಹೇಳಿದರು. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇರಬಾರದು ಎಂದೂ ಅದರಲ್ಲಿತ್ತು. ಇಂಥ ಕಾಯಿಲೆಯ ಅಂಶ ಗಂಡಿನಲ್ಲೂ ಇದ್ದು ಹೆಣ್ಣಿನಲ್ಲೂ ಇದ್ದರೆ, ಇಬ್ಬರೂ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ನಮ್ಮ ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ ಇಂಥದೇ ಕಾಯಿಲೆಯಿಂದ ನರಳುವ ಮಕ್ಕಳಿದ್ದಾರೆ. ಹುಟ್ಟುವ ಕೂಸಿನ ಪರವಾಗಿ ಕೇಳುವ ಈ ಪ್ರಶ್ನೆಗಳನ್ನು ನಾವು ಒಪ್ಪುತ್ತೇವೆ. ಯಾರು ಬೇಕಾದರೂ ಕೇಳಲಿ, ಎಷ್ಟು ಸಲವಾದರೂ ರಕ್ತ ತೆಗೆಯಲಿ.

ಇನ್ನೊಂದು ಲೆಕ್ಕ ನಮ್ಮ ಕಾಲೇಜು ಹುಡುಗಿಯೊಬ್ಬಳು ತಂದು ಓದಿದಳು. ವೀರ್ಯ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯೊಂದಿದೆ. ಅದರ ಆರನೇ ಆವೃತ್ತಿ ಬಂದದ್ದು 2021ರಲ್ಲಿ. ಅದರ ಪ್ರಕಾರ ನೂರು ವೀರ್ಯಾಣುಗಳಲ್ಲಿ ನಾಲ್ಕಕ್ಕೆ ಸರಿಯಾದ ಆಕಾರವಿದ್ದರೆ ಸಾಕು, ಅದು ಕೆಳಗಿನ ಮಿತಿಯೊಳಗೆ ಬರುತ್ತದೆ. ಉಳಿದ 96ರಲ್ಲಿ ತಲೆ ಸೊಟ್ಟಗಿದ್ದರೂ ಬಾಲ ಮುರಿದಿದ್ದರೂ ಗಂಡಸು ಗಂಡಸೇ, ತಂದೆಯಾಗಬಲ್ಲವನೇ. ಇದನ್ನು ಕೇಳಿ ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. ‘ಶುದ್ಧ ಬೀಜ ಶುದ್ಧ ಬೀಜ ಅಂತ ಸಾವಿರ ವರ್ಷದಿಂದ ಬಡ್ಕೊಂಡ್ರಲ್ಲಯ್ಯ, ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಎಲ್ಲರದೂ ಇದೇ ಪಾಡು!’

ಈಗ ಆ ಕಾಲಂಗೆ ಬರೋಣ. 2005ರ ಅದೇ ಮಾರ್ಗಸೂಚಿಯಲ್ಲಿ ರೋಗಗಳ ಪಟ್ಟಿ ಮುಗಿದ ಮೇಲೆ ದಾನಿಯ ಎತ್ತರ, ತೂಕ, ವಿದ್ಯಾರ್ಹತೆ, ಉದ್ಯೋಗ, ಚರ್ಮದ ಬಣ್ಣ, ಕಣ್ಣಿನ ಬಣ್ಣ ಬರೆದಿಡಬೇಕು ಎಂದಿತ್ತು. ಜಾತಿ ಎಂದು ಬರೆದಿರಲಿಲ್ಲ. ಆದರೆ ನಮ್ಮ ದೇಶದಲ್ಲಿ ಚರ್ಮದ ಬಣ್ಣ, ಓದು, ಉದ್ಯೋಗ ಈ ಮೂರನ್ನು ಜೋಡಿಸಿದರೆ ಓದುವವನ ಮನಸ್ಸಿನಲ್ಲಿ ಮೂಡುವುದೇನು? ಬಾಗಿಲನ್ನು ಅಷ್ಟು ತೆರೆದಿಟ್ಟರೆ ಸಾಕು, ಜಾತಿ ತಾನಾಗಿ ಒಳಗೆ ಬಂದು ಚಾಪೆ ಹಾಸಿಕೊಂಡು ಕೂರುತ್ತದೆ. 2012ರಲ್ಲಿ ಚೆನ್ನೈನ ದಂಪತಿಯೊಬ್ಬರು ಐಐಟಿಯಲ್ಲಿ ಓದುವ ಹುಡುಗನ ವೀರ್ಯ ಬೇಕು, 20 ಸಾವಿರ ರೂಪಾಯಿ ಕೊಡುತ್ತೇವೆ ಎಂದು ಜಾಹೀರಾತು ಹಾಕಿದ್ದು ಪೇಪರಿನಲ್ಲಿ ಬಂದಿತ್ತು. ಪರೀಕ್ಷೆ ಪಾಸು ಮಾಡಿದ್ದು ಹುಡುಗ. ಅವನನ್ನು ಕೂರಿಸಿ ಓದಿಸಿದ್ದು ಅಪ್ಪನ ಸಂಬಳ, ಕೋಚಿಂಗ್ ಕ್ಲಾಸು, ಹೊಟ್ಟೆ ತುಂಬ ಊಟ. ಅದೆಲ್ಲ ವೀರ್ಯಾಣುವಿನ ತಲೆಯೊಳಗೆ ಕೂತು ಬರುತ್ತದೆಯೆ?

ಈ ಹುಚ್ಚು ನಮ್ಮ ನೆಲದಲ್ಲಿ ಮಾತ್ರ ಇರುವಂಥದ್ದಲ್ಲ. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಪ್ಯಾಂಕೋಸ್ಟ್ ಎಂಬ ವೈದ್ಯ, ಮಕ್ಕಳಾಗದ ಹೆಂಗಸೊಬ್ಬಳಿಗೆ ಕ್ಲೋರೋಫಾರಂ ಕೊಟ್ಟು, ತನ್ನ ವಿದ್ಯಾರ್ಥಿಗಳಲ್ಲಿ ನೋಡಲು ಚೆಂದವಿದ್ದವನ ವೀರ್ಯವನ್ನು ಅವಳ ಗರ್ಭಕ್ಕೆ ಸೇರಿಸಿದ. ದಾನಿಗಿದ್ದ ಅರ್ಹತೆ ಚೆಂದದ ಮುಖ. ಅವಳಿಗೆ ಯಾರೂ ಹೇಳಲಿಲ್ಲ, ಕೇಳಲಿಲ್ಲ. ಗಂಡನಿಗೆ ಆಮೇಲೆ ತಿಳಿಸಿದರು. ಲೋಕಕ್ಕೆ ತಿಳಿದದ್ದು 25 ವರ್ಷದ ಮೇಲೆ, 1909ರಲ್ಲಿ. 1980ರಲ್ಲಿ ಕ್ಯಾಲಿಫೋರ್ನಿಯಾದ ಶ್ರೀಮಂತ ರಾಬರ್ಟ್ ಗ್ರಹಾಂ ಎಂಬಾತ ನೊಬೆಲ್ ಬಹುಮಾನ ಪಡೆದವರ ವೀರ್ಯದ ಬ್ಯಾಂಕು ತೆರೆದಿದ್ದೇನೆ ಎಂದು ಸಾರಿದ. ತಾನು ಕೊಟ್ಟಿದ್ದೇನೆ ಎಂದು ಬಹಿರಂಗವಾಗಿ ಒಪ್ಪಿಕೊಂಡವನು ವಿಲಿಯಂ ಶಾಕ್ಲಿ. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬ. ಕರಿಯರಿಗೆ ಹುಟ್ಟಿನಿಂದಲೇ ಬುದ್ಧಿ ಕಡಿಮೆ ಎಂದು ಊರೂರು ತಿರುಗಿ ಭಾಷಣ ಮಾಡಿದವನೂ ಅವನೇ. ಆ ಬ್ಯಾಂಕು 1999ರಲ್ಲಿ ಮುಚ್ಚಿತು. ಅಲ್ಲಿ ಜನಾಂಗ, ಇಲ್ಲಿ ಜಾತಿ. ಮೇಲಿನವನ ಬೀಜದಲ್ಲಿ ಮೇಲ್ತನವಿದೆ ಎಂಬ ನಂಬಿಕೆ ಮಾತ್ರ ಒಂದೇ.

ಆ ನಂಬಿಕೆಗೆ ನಮ್ಮ ನೆಲದಲ್ಲಿ ಶಾಸ್ತ್ರವೇ ಉಂಟು. ಮನುಸ್ಮೃತಿಯ ಹತ್ತನೇ ಅಧ್ಯಾಯವನ್ನು ತೆಗೆದು ನೋಡಿ. ಅದು ಯಾರ ಬೀಜ ಯಾರ ಹೊಲಕ್ಕೆ ಬೀಳಬಹುದು, ಬಿದ್ದರೆ ಹುಟ್ಟಿದವನ ಹೆಸರೇನು ಎನ್ನುವ ದೊಡ್ಡ ಪಟ್ಟಿ. ಶೂದ್ರ ಗಂಡಸಿಗೂ ಬ್ರಾಹ್ಮಣ ಹೆಂಗಸಿಗೂ ಹುಟ್ಟಿದವನು ಚಂಡಾಲ. ಅವನು ಊರ ಹೊರಗಿರಬೇಕು, ನಾಯಿ ಕತ್ತೆ ಅವನ ಆಸ್ತಿ, ಹೆಣದ ಬಟ್ಟೆ ಅವನ ಉಡುಪು. ನಮ್ಮ ಕೇರಿ ಊರ ಹೊರಗೆ ಯಾಕಿದೆ ಎಂದು ಮಕ್ಕಳು ಕೇಳಿದರೆ ತೋರಿಸಲು ಇದೇ ಪುಟವಿದೆ. ಅಂದರೆ ವೀರ್ಯದಾನಿಯ ಅರ್ಹತೆಯ ಮೊದಲ ಕಟ್ಟಳೆ ಬರೆದದ್ದು ಆಸ್ಪತ್ರೆಯವರಲ್ಲ. ಅನರ್ಹನ ಬೀಜಕ್ಕೆ ಹುಟ್ಟಿದವರು ಎಂಬ ಹಣೆಪಟ್ಟಿ ಹಚ್ಚಿ ನಮ್ಮನ್ನು ಹೊರಗಿಟ್ಟು ಎಷ್ಟೋ ಕಾಲವಾಯಿತು. ಬಾಬಾಸಾಹೇಬರ ಮುಂದಾಳತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಆ ಪುಸ್ತಕವನ್ನು ಸುಟ್ಟರು. ಅದರ ಬೂದಿ ಹಾರಿ ಬಂದು ಆಸ್ಪತ್ರೆಯ ಹಾಳೆಯ ಮೇಲೆ ಕಾಲಂ ಆಗಿ ಕೂತಿರುವುದನ್ನು ನಮ್ಮ ಹುಡುಗ ನೋಡಿ ಬಂದ.

ಮಹಾಭಾರತದಲ್ಲೂ ಈ ಕತೆ ಇದೆಯಲ್ಲ. ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತ. ವಂಶ ಉಳಿಯಬೇಕೆಂದು ಸತ್ಯವತಿ ತನ್ನ ಮದುವೆಗೆ ಮೊದಲಿನ ಮಗ ವ್ಯಾಸನನ್ನು ಕರೆಸಿದಳು. ಆ ವ್ಯಾಸ ಇವತ್ತು ನಮ್ಮ ಹುಡುಗ ಹೋದ ಕಡೆಗೆ ಹೋಗಿದ್ದರೆ ಏನಾಗುತ್ತಿತ್ತು? ಬಣ್ಣ: ಕಪ್ಪು. ತಾಯಿ: ಬೆಸ್ತರ ಮನೆಯಲ್ಲಿ ಬೆಳೆದವಳು. ವಿಳಾಸ: ನದಿಯ ನಡುಗಡ್ಡೆ. ‘ಬೇಕಾದ್ರೆ ಫೋನ್ ಮಾಡ್ತೀವಿ’ ಎಂದು ಕಳಿಸುತ್ತಿದ್ದರು! ಅವನನ್ನು ಕಂಡು ಒಬ್ಬ ರಾಣಿ ಹೆದರಿ ಕಣ್ಣು ಮುಚ್ಚಿದಳು, ಹುಟ್ಟಿದ ಮಗು ಕುರುಡಾಯಿತು. ಇನ್ನೊಬ್ಬಳು ಬಿಳಿಚಿಕೊಂಡಳು, ಮಗು ಬಿಳಿಚಿಕೊಂಡಿತು. ಮೂರನೇ ಸಲ ಒಬ್ಬ ದಾಸಿಯನ್ನು ಕಳಿಸಿದರು. ಅವಳು ಹೆದರಲಿಲ್ಲ. ಅವಳ ಹೊಟ್ಟೆಯಲ್ಲಿ ವಿದುರ ಹುಟ್ಟಿದ, ಕಣ್ಣೂ ನೆಟ್ಟಗಿತ್ತು, ಮೈಯೂ ನೆಟ್ಟಗಿತ್ತು, ಬುದ್ಧಿಯೂ ನೆಟ್ಟಗಿತ್ತು. ಮೂವರಿಗೂ ಬೀಜ ಒಂದೇ. ಕುರುಡ ಮತ್ತು ಬಿಳಿಚಿಕೊಂಡವನ ಮಕ್ಕಳು ರಾಜ್ಯಕ್ಕಾಗಿ ಹೊಡೆದಾಡಿಕೊಂಡರು. ದಾಸಿಯ ಮಗ ಪಕ್ಕದಲ್ಲಿ ನಿಂತು ಬುದ್ಧಿ ಹೇಳಿದ, ಅಷ್ಟೆ. ಸಿಂಹಾಸನಕ್ಕೆ ಅವನು ಅರ್ಹನಲ್ಲ! ಬೀಜ ಮೇಲಿನದಾದಾಗ ಹೊಲದ ಜಾತಿ ಕೇಳುತ್ತಾರೆ. ಹೊಲ ಮೇಲಿನದಾದಾಗ ಬೀಜದ ಜಾತಿ ಕೇಳುತ್ತಾರೆ. ಎರಡು ಕಡೆಯೂ ಸೋಲುವವರು ನಾವೇ.

ನಮ್ಮ ಮೇಷ್ಟ್ರು ಇಲ್ಲೊಂದು ಪ್ರಶ್ನೆ ಹಾಕಿದರು. ಪ್ರತಿ ಏಪ್ರಿಲ್ 14ಕ್ಕೆ ನಾವು ರಕ್ತದಾನ ಶಿಬಿರ ಮಾಡುತ್ತೇವೆ. ಬಾಟಲಿಯ ಮೇಲೆ ಗುಂಪು ಬರೆಯುತ್ತಾರೆ, ಜಾತಿ ಬರೆಯುವುದಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರು ಅದನ್ನು ಕೇಳುವುದೂ ಇಲ್ಲ. ನಮ್ಮ ರಕ್ತ ಆಗುತ್ತದೆ, ವೀರ್ಯ ಯಾಕೆ ಆಗುವುದಿಲ್ಲ? ಬಹಳ ಹೊತ್ತು ಚರ್ಚೆ ಆಯಿತು. ಕೊನೆಗೆ ನಮಗೆ ತೋಚಿದ್ದು ಇದು: ರಕ್ತ ಪ್ರಾಣ ಉಳಿಸಿ ಸುಮ್ಮನಾಗುತ್ತದೆ. ವೀರ್ಯ ಮನೆಯೊಳಗೆ ಬಂದು ಅಪ್ಪ ಎನ್ನುತ್ತದೆ, ಮನೆದೇವರ ಹೆಸರು ಹೇಳುತ್ತದೆ, ನಾಳೆ ಹೆಣ್ಣು ನೋಡಲು ಹೊರಡುತ್ತದೆ. ಜಾತಿ ಇರುವುದೇ ಅಲ್ಲಿ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಬಾಬಾಸಾಹೇಬರು ತೋರಿಸಿದ್ದು ಇದನ್ನೇ: ತಮ್ಮೊಳಗೇ ಮದುವೆಯಾಗುವ ಕಟ್ಟು ಇಲ್ಲದಿದ್ದರೆ ಜಾತಿ ಇಲ್ಲ. 1936ರ ‘ಜಾತಿ ವಿನಾಶ’ದಲ್ಲಿ ಇನ್ನೂ ಮುಂದೆ ಹೋಗಿ, ಜಾತಿಯಿಂದ ತಳಿ ಉತ್ತಮವಾಗುತ್ತದೆ ಎನ್ನುವವರನ್ನು ತರಾಟೆಗೆ ತೆಗೆದುಕೊಂಡರು, ಹಾಗೆ ಬೆಳೆದ ತಳಿಯ ಮೈಕಟ್ಟು ಇಷ್ಟೇಯೆ ಎಂದು ಕೇಳಿದರು.

ಇವತ್ತಿನ ವಿಜ್ಞಾನ ಅವರ ಮಾತಿಗೆ ಸಾಕ್ಷಿ ನುಡಿಯುತ್ತಿದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಹೊರದೇಶದ ವಿಜ್ಞಾನಿಗಳೂ ಸೇರಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಜನರ ವಂಶವಾಹಿಗಳನ್ನು ನೋಡಿ 2017ರಲ್ಲಿ ಒಂದು ವರದಿ ಪ್ರಕಟಿಸಿದರು. ಅವುಗಳಲ್ಲಿ 81 ಸಮುದಾಯಗಳು ಕೆಲವೇ ಹಿರಿಯರಿಂದ ಬೆಳೆದು, ತಲೆತಲಾಂತರದಿಂದ ತಮ್ಮೊಳಗೇ ಕೊಟ್ಟು ತಂದು ಮಾಡಿಕೊಂಡು ಬಂದವು. ಇಂಥ ಕಡೆ ಅಪರೂಪದ ಕಾಯಿಲೆಯ ಅಂಶವೊಂದು ಹೊಕ್ಕರೆ ಅದು ಅಲ್ಲಿಯೇ ಸುತ್ತುತ್ತಿರುತ್ತದೆ. ಗಂಡಿನಲ್ಲೂ ಹೆಣ್ಣಿನಲ್ಲೂ ಒಂದೇ ದೋಷ ಸಿಗುವ ಸಂಭವ ಹೆಚ್ಚು. ಇದು ಯಾವುದೋ ಒಂದು ಜಾತಿಯನ್ನು ಬೆರಳು ಮಾಡಿ ತೋರಿಸುವ ಮಾತಲ್ಲ. ಬೇಲಿ ಹಾಕಿಕೊಂಡ ಎಲ್ಲ ಜಾತಿಗೂ, ನಮಗೂ ಸೇರಿ, ಅನ್ವಯಿಸುತ್ತದೆ. ಈಗ ಯೋಚಿಸಿ. ನಮ್ಮ ಜಾತಿಯವನದೇ ವೀರ್ಯ ಬೇಕು ಎಂದು ಹಟ ಹಿಡಿಯುವವರು ತಮಗೆ ಹುಟ್ಟುವ ಕೂಸಿನ ಹಿತ ನೋಡುತ್ತಿದ್ದಾರೆಯೆ, ಬೇಲಿಯ ಹಿತ ನೋಡುತ್ತಿದ್ದಾರೆಯೆ?

ನಮ್ಮ ಅಜ್ಜಿಯಂದಿರಲ್ಲಿ ಒಬ್ಬರು ಸೂಲಗಿತ್ತಿಯಾಗಿದ್ದರು. ಊರೊಳಗಿನ ಮನೆಗಳಲ್ಲೂ ಅವರ ಕೈಯಲ್ಲೇ ಹೆರಿಗೆ. ಹೊಕ್ಕುಳ ಬಳ್ಳಿ ಕೊಯ್ಯುವ ತನಕ ಅವರ ಕೈಗೆ ಮೈಲಿಗೆ ಇಲ್ಲ. ಕೂಸು ಅತ್ತ ಮೇಲೆ ಅವರು ಹಿತ್ತಿಲ ಬಾಗಿಲಿನಿಂದ ಹೊರಗೆ. ಈ ಬಣ್ಣದ ಚರ್ಚೆಯನ್ನು ಅವರ ಕಿವಿಯ ಹತ್ತಿರ ಕೂಗಿ ಹೇಳಿದಾಗ, ‘ಬರೋವಾಗ ಎಲ್ಲಾ ಮೊಗಗಳೂ ಒಂದೇ ಬಣ್ಣದಾಗೆ ಬತ್ತವೆ ಕನ್ರಪ್ಪ, ರಗುತದ ಬಣ್ಣ. ತೊಳ್ದೋಳು ನಾನು, ನಂಗೊತ್ತಿಲ್ವಾ’ ಎಂದರು.

ಇನ್ನೊಂದು ಮಾತನ್ನು ಹೇಳದೆ ಹೋದರೆ ಈ ಬರಹ ಅರ್ಧವೇ. ಅರ್ಹತೆಯ ಪರೀಕ್ಷೆ ನಮಗೆ ಮಾತ್ರ. ಊರ ಧಣಿಗಳ ಬೀಜ ನಮ್ಮ ಕೇರಿಗೆ ಬಂದಾಗ ಯಾವ ಪರೀಕ್ಷೆಯಿತ್ತು? ಯಾರ ಒಪ್ಪಿಗೆಯ ರುಜು ಇತ್ತು? ಕಳೆ ಕೀಳಲು ಹೋದವಳು, ಸಾಲಕ್ಕೆ ಜೀತವಿದ್ದವಳು, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳು ಹೆತ್ತ ಮಕ್ಕಳಿಗೆ ಇಸ್ಕೂಲಿನ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಪಾಠ ಹೇಳುವ ಮೇಷ್ಟ್ರುಗಳೇ, ಆ ಖಾಲಿ ಜಾಗದ ಮುಂದೆ ತಲೆ ತಗ್ಗಿಸಿ ನಿಂತ ಮಗುವನ್ನು ನೀವು ನೋಡಿದ್ದೀರಿ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲೇ ಆಯಿತು. ಆ ಮಕ್ಕಳು ತಂದೆ ಯಾರೆಂದು ಗುರುತಿಸಿ ಹಕ್ಕು ಕೇಳಲು ದಾರಿ ಮಾಡುವ ಹೊಸ ಮಸೂದೆಯನ್ನು ಶಾಸನಸಭೆ ಒಪ್ಪಿದ್ದು 2025ರಲ್ಲಿ. ನಡುವೆ 43 ವರ್ಷ. ಬ್ಯಾಂಕಿನ ದಾನಿ ಹಕ್ಕು ಬಿಟ್ಟುಕೊಡುತ್ತಾನೆ, ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಕಾಯುತ್ತಿರುತ್ತಾರೆ. ಧಣಿ ಬಿಟ್ಟದ್ದು ಹಕ್ಕನ್ನಲ್ಲ, ಹೊಣೆಯನ್ನು. ಒಬ್ಬ ಹುಡುಗ ರಕ್ತ ಕೊಟ್ಟು, ಪರೀಕ್ಷೆ ಪಾಸಾಗಿ, ರುಜು ಹಾಕಿ ಕೊಡಲು ಬಂದರೆ ಅವನ ಬೀಜ ಬೇಡ. ಕತ್ತಲಲ್ಲಿ ಬೇಲಿ ಹಾರಿ ಬಂದದ್ದಕ್ಕೆ ಮಾತ್ರ ಎಲ್ಲ ಅರ್ಹತೆಯೂ ಇತ್ತು!

ನಮ್ಮೊಳಗಿನ ಮಾತನ್ನೂ ಆಡಬೇಕು. ಮಕ್ಕಳಾಗದಿದ್ದರೆ ನಮ್ಮ ಕೇರಿಯಲ್ಲೂ ಬಂಜೆ ಎನ್ನುವುದು ಹೆಣ್ಣನ್ನೇ. ಅವಳನ್ನು ಬೆಟ್ಟ ಹತ್ತಿಸುತ್ತಾರೆ, ಅರಳಿಮರ ಸುತ್ತಿಸುತ್ತಾರೆ, ಕೊನೆಗೆ ಗಂಡನಿಗೆ ಇನ್ನೊಂದು ಮದುವೆಯ ಮಾತೆತ್ತುತ್ತಾರೆ. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ನೋವಿಲ್ಲದ್ದು, ಹೆಚ್ಚು ಖರ್ಚಿನದೂ ಅಲ್ಲ. ಅದನ್ನು ಮಾಡಿಸಲು ಗಂಡಸು ಒಪ್ಪುವುದಿಲ್ಲ. ಅವನ ಮೀಸೆ ಮಣ್ಣಾಗುತ್ತದಂತೆ. ಹಾಗೂ ಹೀಗೂ ಪರೀಕ್ಷೆ ಮಾಡಿಸಿ, ದಾನಿಯೇ ಬೇಕು ಎಂದಾದ ನಮ್ಮವರದೇ ಒಂದು ಜೋಡಿ ಅಂಗನವಾಡಿ ಅಕ್ಕನ ಹತ್ತಿರ ಬಂದು ಕೇಳಿದ್ದೇನು ಗೊತ್ತೆ? ‘ಅಕ್ಕ, ಯಾರದಾದ್ರೂ ಪರವಾಗಿಲ್ಲ. ವಸಿ ಕೆಂಪಗಿರೋರ್ದು ಕೊಡ್ಸಕ್ಕಾಯ್ತದಾ?’ ಅಕ್ಕ ಅವರನ್ನು ಬೈಯಲಿಲ್ಲ. ನಾವೂ ಬೈಯುವುದಿಲ್ಲ. ಕಪ್ಪು ಮೈಗೆ ಎಷ್ಟು ಬಾಗಿಲು ಮುಚ್ಚುತ್ತವೆ ಎಂಬುದನ್ನು ಮೈಯಲ್ಲೇ ಕಂಡವರು ಅವರು. ಮಗುವಿಗಾದರೂ ಒಂದು ಬಾಗಿಲು ತೆರೆಯಲಿ ಎಂಬ ಆಸೆ. ಆದರೆ ಗೆಳೆಯರೆ, ಬಾಗಿಲು ಕಾಯುವವನನ್ನು ಬಿಟ್ಟು ಮಗುವಿನ ಚರ್ಮ ಬದಲಿಸಲು ಹೊರಟರೆ ಬಾಗಿಲು ಹಾಗೇ ಉಳಿಯುತ್ತದೆ. ಚರ್ಮದ ಬಣ್ಣ ಒಂದೆರಡು ವಂಶವಾಹಿಯ ಕೆಲಸವೂ ಅಲ್ಲ, ಹಲವು ಸೇರಿ ಆಡುವ ಆಟ. ಕೆಂಪಗಿದ್ದವನದನ್ನು ತಂದರೂ ಕೂಸು ಅವ್ವನ ಬಣ್ಣದಲ್ಲೇ ಬರಬಹುದು. ಆಗ ಅದನ್ನು ಎತ್ತಿಕೊಳ್ಳುವುದಿಲ್ಲವೆ?

ನಮ್ಮ ಬೀಜವನ್ನು ಲೋಕಕ್ಕೆಲ್ಲ ಹಂಚಬೇಕೆಂಬ ಚಪಲ ನಮಗಿಲ್ಲ. ಹಣಕ್ಕಾಗಿ ಆ ಸಾಲಿನಲ್ಲಿ ನಿಲ್ಲಿ ಎಂದು ನಮ್ಮ ಹುಡುಗರಿಗೆ ಹೇಳುವವರೂ ನಾವಲ್ಲ. ಕೊಡುವುದು ಬಿಡುವುದು ಅವರವರ ಮನಸ್ಸು. ಆದರೆ ಕೊಡಲು ಹೋದವನನ್ನು ರೋಗ ನೋಡಿ ಬೇಡ ಎನ್ನಬಹುದು, ವಯಸ್ಸು ನೋಡಿ ಬೇಡ ಎನ್ನಬಹುದು. ಜಾತಿ ನೋಡಿ ಬೇಡ ಎನ್ನುವುದು ಅಸ್ಪೃಶ್ಯತೆ. ಅದು ಯಾವ ರೂಪದಲ್ಲಿದ್ದರೂ ನಿಷಿದ್ಧ ಎಂದು ಸಂವಿಧಾನದ 17ನೇ ವಿಧಿ ಹೇಳುತ್ತದೆ. ಗಾಜಿನ ಕೊಳವೆಯೂ ಒಂದು ರೂಪವೇ.

ಮೂರು ಕೆಲಸವನ್ನು ನಾವು ಹಿಡಿದಿದ್ದೇವೆ, ನೀವೂ ಹಿಡಿಯಿರಿ. ಒಂದು, ಇಂಥ ಹಾಳೆ ಕೈಗೆ ಬಂದರೆ ಜಾತಿಯ ಕಾಲಂಗೆ ಗೆರೆ ಎಳೆದು, ಇದು ಯಾವ ಕಾಯ್ದೆಯಲ್ಲಿದೆ ತೋರಿಸಿ ಎಂದು ಕೇಳುವುದು. ಎರಡು, ಈ ಬ್ಯಾಂಕು ಆಸ್ಪತ್ರೆಗಳ ಮೇಲೆ ಕಣ್ಣಿಡಲು ಕಾಯ್ದೆಯೇ ರಾಷ್ಟ್ರೀಯ ಮಂಡಳಿ, ರಾಜ್ಯ ಮಂಡಳಿಗಳನ್ನು ಮಾಡಿದೆ. ದಾನಿಯ ಜಾತಿ ಕೇಳುವುದನ್ನೂ ಬರೆಯುವುದನ್ನೂ ನಿಯಮದಲ್ಲೇ ನಿಷೇಧಿಸಿ ಎಂದು ಅವಕ್ಕೆ ಊರೂರಿನಿಂದ ಅರ್ಜಿ ಹಾಕುವುದು. ನಮ್ಮ ಅರ್ಜಿಗೆ ಈಗಾಗಲೇ ಭವನದ ಹುಡುಗರೆಲ್ಲ ರುಜು ಹಾಕಿದ್ದಾರೆ, ಬೆಂಗಳೂರಿನ ಹುಡುಗನದು ಮೊದಲನೆಯ ರುಜು. ಮೂರು, ಮೇಷ್ಟ್ರುಗಳ ಕೆಲಸ: ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವನ್ನು ನೀವೇ ಓದಿಕೊಳ್ಳಿ ಎಂದು ಹಾರಿಸದೆ ನಿಂತು ಹೇಳುವುದು. ಬೋರ್ಡಿನ ಮೇಲೆ ಒಂದು ವೀರ್ಯಾಣುವಿನ ಚಿತ್ರ ಬರೆಯಿರಿ. ತಲೆ ಎಲ್ಲಿ, ಬಾಲ ಎಲ್ಲಿ ಎಂದು ಮಕ್ಕಳ ಕೈಯಲ್ಲಿ ಗುರುತಿಸಿ. ಆಮೇಲೆ ಜಾತಿ ಎಲ್ಲಿದೆ, ಬಂದು ಗುರುತಿಸಿ ಎಂದು ಸೀಮೆಸುಣ್ಣವನ್ನು ಅವರ ಕೈಗೆ ಕೊಡಿ.